ತಿಕೋಟಾದ ಬಾವಿಯ ಬಳಿ ಕಂಡ ಗ್ರೀಕ್ ಪದ

ತಿಕೋಟಾದ ಬಾವಿಯ ಬಳಿ ಕೂಲಿಕಾರನೊಬ್ಬ ಬಿಸಿಲಿಗೆ ಕುಸಿದುಬಿದ್ದ. ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಬೇಸಿಗೆ ಅದು. ಮುಟ್ಟಿಸಿಕೊಳ್ಳದ ಜಾತಿಯವರೆಂದು ಅವನಂಥವರಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುವುದೇ ಊರಿನ ಪದ್ಧತಿ. ಅವನಿಗೆ ಬೊಗಸೆ ಒಡ್ಡುವ ಶಕ್ತಿಯೂ ಇರಲಿಲ್ಲ.

ನೀರು ಸೇದುತ್ತಿದ್ದ ರೈತರ ಮನೆಯ ಮುದುಕಿಯೊಬ್ಬಳು ಓಡಿಹೋಗಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು.

“ಅತ್ತಿ, ಮುಟ್ಟೀರಲ್ರಿ! ಇನ್ನ ಮನ್ಯಾಗ ಬಿಟ್ಕೋತಾರೇನ್ರಿ?” ಎಂದು ಸೊಸೆ ಚೀರಿದಳು.

“ಕರುಳು ಚುರ್ರ್ ಅಂತು ಬೇ. ಮನಿ ಮಾತು ಆಮ್ಯಾಲ,” ಎಂದಳು ಮುದುಕಿ.

ಎದುರಿನ ಬೇವಿನ ನೆರಳಲ್ಲಿ ನಾನು ಮತ್ತು ವಿಜಾಪುರದ ಪಾದ್ರಿಗಳು ಬೈಬಲ್ಲಿನ ಕಥೆಯೊಂದರ ಕನ್ನಡ ತಿದ್ದುತ್ತಾ ಕುಳಿತಿದ್ದೆವು. ದಾರಿಯಲ್ಲಿ ಬಿದ್ದವನನ್ನು ಕಂಡು ಪರಜಾತಿಯವನೊಬ್ಬ ಮರುಗಿದ ಕಥೆ. ಅಲ್ಲಿನ ಗ್ರೀಕ್ ಕ್ರಿಯಾಪದ ಕರುಳೆಂಬ ಮಾತಿನಿಂದಲೇ ಹುಟ್ಟಿದ್ದೆಂದು ಪಾದ್ರಿಗಳು ಆಗಷ್ಟೇ ಹೇಳಿದ್ದರು. ‘ದಯೆ ತೋರಿದನು’ ಎಂದರೆ ಸಾಕೇ ಎಂದು ವಾದ ನಡೆದಿತ್ತು. ಮುದುಕಿಯ ಮಾತು ಕಿವಿಗೆ ಬಿದ್ದದ್ದೇ ಅವರು ತಲೆತಗ್ಗಿಸಿ ಅದನ್ನು ಹೊಡೆದುಹಾಕಿದರು. ‘ಅವನ ಕರುಳು ಚುರ್ರೆಂದಿತು’ ಎಂದು ಬರೆದರು.

ಆ ಹಾಳೆ ಇಂದಿಗೂ ನನ್ನಲ್ಲಿದೆ. ತೆಗೆದು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ಪದದ ಅರ್ಥ ಬಲ್ಲ ನಾವಿಬ್ಬರೂ ಅಂದು ನೆರಳು ಬಿಟ್ಟು ಎದ್ದಿರಲಿಲ್ಲ.