ಕನಸಿನ ಕಾಟಿ

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ತಿಳಿದುಕೊಳ್ಳುವ ವಿದ್ಯೆಯೊಂದಿದೆ. ಅದನ್ನು ನನಗೆ ಕಲಿಸಿದ್ದು ಯಾವ ಗುರುಗಳೂ ಅಲ್ಲ, ಮೊಬೈಲು. ಕಾಲು ಮುರಿದುಕೊಂಡ ಮೇಲೆ ಕೊಪ್ಪದ ಮನೆಯಲ್ಲಿ ಬಿದ್ದುಕೊಂಡಿದ್ದೆ. ಮಾಡಲು ಕೆಲಸವಿಲ್ಲ, ನಿದ್ದೆ ಮಾಡಲು ಧೈರ್ಯವಿಲ್ಲ.

ಧೈರ್ಯ ಕಳೆದದ್ದು ಒಂದು ಕಾಟಿ. ಘಟ್ಟದ ಹೊರಗಿನವರು ಅದನ್ನು ಕಾಡುಕೋಣ ಎನ್ನುತ್ತಾರೆ. ನನ್ನದು ಲಗೇಜ್ ಆಟೋ. ಬೆಳಿಗ್ಗೆ ಬೇಕರಿಯ ಬನ್ನು, ರಸ್ಕು ತುಂಬಿಕೊಂಡು ಶೃಂಗೇರಿ ದಾಟಿ ನೆಮ್ಮಾರ್ ಕಡೆಯ ಅಂಗಡಿಗಳಿಗೆ ಹಾಕಿ ಬರುವುದು ನನ್ನ ಲೈನು. ದಾರಿಯಲ್ಲಿ ಕಾಟಿ ಸಿಕ್ಕಿದರೆ ನಮ್ಮ ಕಡೆ ಒಂದು ಪದ್ಧತಿಯಿದೆ. ಇಂಜಿನ್ ಆಫ್ ಮಾಡಿ, ಹಾರ್ನ್ ಮುಟ್ಟದೆ, ಅದು ದಾಟುವವರೆಗೆ ಕೈಕಟ್ಟಿ ಕೂರಬೇಕು. ಕಾಲು ಮುರಿದ ದಿನವೂ ನಾನು ಹಾಗೇ ಕೂತಿದ್ದೆ. ಹಿಂದೆ ಬಂದ ಪ್ರವಾಸಿಗರ ಕಾರಿಗೆ ಅವಸರ, ಒಂದೇ ಸಮನೆ ಹಾರ್ನ್ ಬಾರಿಸಿತು. ಕಾಟಿಯ ಕೈಗೆ ಸಿಕ್ಕಿದ್ದು ಕಾರಲ್ಲ, ನಾನು. ಆಟೋ ಮಗುಚಿತು, ಬನ್ನುಗಳು ಚರಂಡಿಯುದ್ದಕ್ಕೂ ಉರುಳಿದವು, ಕಾಲು ಮುರಿಯಿತು. ಕಾರಿನವನು ವಿಡಿಯೋ ಮಾಡಿಕೊಂಡ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಲಿನ ಮೂಳೆ ಕೂಡುತ್ತ ಬಂತು. ಆದರೆ ಕಣ್ಣು ಮುಚ್ಚಿದರೆ ಸಾಕು, ಕಾಟಿ ಅಟ್ಟಿಸಿಕೊಂಡು ಬರುತ್ತಿತ್ತು. ಓಡುವ ಭರದಲ್ಲಿ ಪಕ್ಕದಲ್ಲಿ ಮಲಗಿದ ಹೆಂಡತಿಗೆ ಒದೆಯುತ್ತಿದ್ದೆ, ಅದೂ ಪ್ಲಾಸ್ಟರಿನ ಕಾಲಲ್ಲಿ. ಪ್ಲಾಸ್ಟರು ಬಿಚ್ಚಿದ ಮೇಲೆ ಒಮ್ಮೆ ಆಟೋ ಹತ್ತಿ ಹೊರಟೆ. ಶೃಂಗೇರಿ ಪೇಟೆ ದಾಟಿದ್ದೇ ತಡ, ಮುಂದೆ ಹೋಗಲಾಗದೆ ವಾಪಸು ತಿರುಗಿಸಿದೆ. ಮಾರನೆಯ ದಿನದಿಂದ ಹೆಂಡತಿಯೇ ಲೈನಿಗೆ ಹೊರಟಳು. ಅವಳಿಗೆ ಆಟೋ ಕಲಿಸಿದವನು ನಾನೇ, ಬೇಡ ಎನ್ನಲು ಬಾಯಿಲ್ಲ. ಮನೆಯಲ್ಲಿ ಕೂತು ಸಾರು ಮಾಡುವ ಕೆಲಸ ನನ್ನದಾಯಿತು. ಸಾರೇನೋ ಚೆನ್ನಾಗೇ ಆಗುತ್ತಿತ್ತು. ಆದರೆ ನನಗೆ ನನ್ನ ರಸ್ತೆ ಬೇಕಾಗಿತ್ತು. ಬನ್ನಿನ ಬಿಸಿ ವಾಸನೆ, ಅರೆನಿದ್ದೆಯಲ್ಲಿ ಶಟರ್ ಎತ್ತುವ ಅಂಗಡಿಯವರು, ಅವರ ಜೊತೆ ಒಂದು ಚಹಾ, ಒಂದಿಷ್ಟು ಕಾಡುಹರಟೆ. ಅದಿಲ್ಲದೆ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಕನಸಿನ ವಿದ್ಯೆ ಹೇಳಿಕೊಡುವ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಕನಸೆಂದು ಗೊತ್ತಾದರೆ ಓಡಬೇಕಾಗಿಲ್ಲ, ಅಟ್ಟಿಸಿಕೊಂಡು ಬಂದದ್ದಕ್ಕೆ ತಿರುಗಿ ನಿಲ್ಲಬಹುದು, ನಿಂತರೆ ಅದರ ಕಾಟ ನಿಲ್ಲುತ್ತದೆ ಎಂದಿತು. ಮಲಗುವಾಗ ‘ಇದು ಕನಸು ಅಂತ ನನಗೆ ಗೊತ್ತಾಗಬೇಕು’ ಎಂದು ಹೇಳಿಕೊಳ್ಳಬೇಕು. ಎದ್ದ ಕೂಡಲೇ ಕಂಡದ್ದನ್ನು ಯಾರಿಗಾದರೂ ಹೇಳಬೇಕು. ದಿನದಲ್ಲಿ ಆಗಾಗ ಪರೀಕ್ಷೆ ಮಾಡುತ್ತಿರಬೇಕು. ಲೈಟಿನ ಸ್ವಿಚ್ ಒತ್ತಿ ನೋಡಿ, ಲೈಟು ಹತ್ತದಿದ್ದರೆ ನೀವು ಕನಸಿನಲ್ಲಿದ್ದೀರಿ ಎಂದ ವಿಡಿಯೋದ ಪುಣ್ಯಾತ್ಮ. ಅವನು ಕೊಪ್ಪ ಕಂಡವನಲ್ಲ.

ಒಂದು ಮಧ್ಯಾಹ್ನ ಮಲಗಿ ಎದ್ದೆ. ಸ್ವಿಚ್ ಒತ್ತಿದೆ, ಹತ್ತಲಿಲ್ಲ. ಇನ್ನೊಂದು ಒತ್ತಿದೆ, ಅದೂ ಇಲ್ಲ. ಆಹಾ, ಕನಸು ಕೈಗೆ ಸಿಕ್ಕಿತು ಎಂದು ಹಿಗ್ಗಿ ಜಗಲಿಗೆ ಬಂದೆ. ಮಗಳ ಮನೆಗೆಂದು ನರಸಿಂಹರಾಜಪುರದಿಂದ ಬಂದಿದ್ದ ನಮ್ಮತ್ತೆ ಅಲ್ಲಿ ಹೂ ಕಟ್ಟುತ್ತ ಕೂತಿದ್ದರು. ಕನಸಿನ ಅತ್ತೆಗೆ ಹೆದರುವುದೇಕೆ? “ನೋಡಿ ಅತ್ತೆ, ಈಗ ಹಾರ್ತೀನಿ” ಎಂದು ಎರಡೂ ಕೈ ಚಾಚಿ ಜಗಲಿಯಿಂದ ಜಿಗಿದೆ. ಅಂಗಳದ ಕಾಗದಹೂವಿನ ಮುಳ್ಳು ಚುಚ್ಚಿದಾಗಲೇ ಗೊತ್ತಾದದ್ದು, ಹೋದದ್ದು ಕರೆಂಟು ಎಂದು. ಅತ್ತೆ ಹೂವಿನ ಬುಟ್ಟಿ ಬಿಟ್ಟು ಒಳಗಿದ್ದ ಮಗಳ ಹತ್ತಿರ ಓಡಿದರು. “ಮಾರಾಯ್ತಿ, ಕಾಟಿ ಗುದ್ದಿದ್ದು ಕಾಲಿಗಲ್ಲ ಕಣೇ, ತಲೆಗೆ!”

ಆ ಪರೀಕ್ಷೆ ಬಿಟ್ಟು ನನಗೆ ಹೊಂದುವ ಇನ್ನೊಂದನ್ನು ಹಿಡಿದೆ. ಬಸ್ಸಿನ ಬೋರ್ಡು ಎರಡು ಸಲ ಓದುವುದು. ಕನಸಿನಲ್ಲಿ ಅಕ್ಷರ ನಿಲ್ಲುವುದಿಲ್ಲವಂತೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದುವುದು, ಮುಖ ತಿರುಗಿಸುವುದು, ಮತ್ತೆ ಓದುವುದು. “ಹತ್ತೋದಾದ್ರೆ ಹತ್ತಿ ಮಾರಾಯ್ರೆ” ಎಂದು ಕಂಡಕ್ಟರುಗಳು ಗದರಿದರು. ಲೈನು ಮುಗಿಸಿ ಬಂದ ಹೆಂಡತಿ ಊಟಕ್ಕೆ ಕೂತಾಗ ನನ್ನ ಕನಸಿನ ವರದಿ. ಕಂಡದ್ದನ್ನು ಒಂದೂ ಬಿಡದೆ ಹೇಳುತ್ತಿದ್ದೆ. ಅವಳು ಊಟ ಮಾಡುತ್ತ ಹೂಂ ಹೂಂ ಎನ್ನುತ್ತಿದ್ದಳು.

ಕೊನೆಗೂ ಒಂದು ಮಧ್ಯಾಹ್ನ ಅದು ಒಲಿಯಿತು. ಕಾಟಿಯ ಮುಂದೆ ಓಡುತ್ತಿದ್ದೇನೆ, ಎದುರಿಗೊಂದು ಬಸ್ಸು. ಶೃಂಗೇರಿ ಎಂದಿದ್ದ ಬೋರ್ಡು ಮತ್ತೆ ನೋಡಿದರೆ ‘ಬೆಣ್ಣೆ ಬಿಸ್ಕತ್ತು’ ಎಂದಿದೆ. ಇದು ಕನಸು! ಖುಷಿ ಉಕ್ಕಿ ಅಲ್ಲೇ ಎಚ್ಚರವಾಯಿತು. ಕನಸಿನಲ್ಲೇ ಅಂಗೈ ಉಜ್ಜಿಕೊಂಡರೆ ಎಚ್ಚರವಾಗದೆ ಅಲ್ಲೇ ಉಳಿಯಬಹುದು ಎಂದು ಆಮೇಲೆ ಕಲಿತೆ. ಮುಂದಿನ ಸಲ ಉಜ್ಜಿಕೊಂಡು ತಿರುಗಿ ನಿಂತೆ.

“ಎಂತ ಮಾರಾಯ, ನಿಂಗೆ ಬೇರೆ ಕೆಲಸ ಇಲ್ವಾ? ಹಾರ್ನ್ ಹೊಡೆದವ ನಾನಲ್ಲ” ಎಂದೆ.

ಕಾಟಿ ನಿಂತಿತು. ಮೂಸಿತು. ಅದರ ಉಸಿರು ಕೈಗೆ ಬೆಚ್ಚಗೆ ತಾಗಿತು. ಆಮೇಲೆ ನನ್ನಲ್ಲಿ ಏನೂ ವಿಶೇಷ ಕಾಣದವರಂತೆ ಪೊದೆಯೊಳಗೆ ಹೋಯಿತು. ಆ ಕನಸು ಮತ್ತೆ ಬೀಳಲಿಲ್ಲ. ಅಷ್ಟು ಚೆನ್ನಾಗಿ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ.

ಕೆಲವು ದಿನ ಕಾದು ನೋಡಿ, ಒಂದು ಸಂಜೆ ಹೆಂಡತಿಯ ಮುಂದೆ ಕೈಯೊಡ್ಡಿದೆ. “ಆಟೋ ಕೀ ಕೊಡು. ನಾಳೆಯಿಂದ ನಾನೇ ಹೋಗ್ತೀನಿ.”

ಅವಳು ಕೊಡಲಿಲ್ಲ. ತಮಾಷೆ ಎಂದುಕೊಂಡೆ. ಇನ್ನೊಮ್ಮೆ ಕೇಳಿದೆ. ಅವಳು ಕೀ ಹಿಡಿದ ಮುಷ್ಟಿಯನ್ನು ಎದೆಗೊತ್ತಿಕೊಂಡಳು.

“ನಿಮ್ಮ ಕನಸು ದಿನಾ ಕೇಳಿದೆ” ಎಂದಳು. “ನಂಗೂ ಒಂದು ಬೀಳ್ತದೆ. ನೀವು ಕೇಳಲಿಲ್ಲ.”

“ನಿಂಗೂ ಕಾಟಿನಾ?”

“ಕಾಟಿ ಅಲ್ಲ. ಅವತ್ತು ಬಂದ ಹಾಗೇ ಫೋನ್ ಬರ್ತದೆ. ತೆಗೆದ್ರೆ ಯಾರದೋ ಸ್ವರ. ‘ನಿಮ್ಮ ಯಜಮಾನ್ರ ಆಟೋ ನೆಮ್ಮಾರ್ ಹತ್ರ...’ ಅಂತ ಶುರು ಮಾಡ್ತಾರೆ, ಪೂರ್ತಿ ಹೇಳೋದೇ ಇಲ್ಲ. ಲೈನಿಗೆ ನಾನು ಹೋಗಿದ್ದು ನಿಮಗೆ ಹೆದರಿಕೆ ಅಂತಲ್ಲ. ನೀವು ಮನೇಲಿದ್ರೆ ಆ ಫೋನ್ ಬರಲ್ಲ ಅಂತ.”

ಕಾಟಿ ನನ್ನೊಬ್ಬನನ್ನೇ ಗುದ್ದಿದೆ ಎಂದು ಅಷ್ಟು ದಿನ ತಿಳಿದಿದ್ದೆ. ಅವಳ ಪಕ್ಕ ಕೂತು, ನನಗೆ ಬರುವ ವಿದ್ಯೆಯನ್ನೆಲ್ಲ ಹೇಳಿಕೊಟ್ಟೆ. ಅವಳು ಗಮನವಿಟ್ಟು ಕೇಳಿದಳು.

“ಕನಸು ಅಂತ ಗೊತ್ತಾಯ್ತು ಅಂತಿಟ್ಕೊಳ್ಳಿ. ಆಮೇಲೆ ಎಂತ ಮಾಡ್ಬೇಕು? ಫೋನ್ ಇಟ್ಟುಬಿಡೋದಾ?”

“ಇಡಬೇಡ. ಪೂರ್ತಿ ಹೇಳಿ ಅಂತ ಕೇಳು.”

“ಹೇಳಿಬಿಟ್ರೆ?”

“ಕಾಲು ಮುರಿದಿದೆ, ಜೀವಕ್ಕೇನೂ ಇಲ್ಲ ಅಂತಾರೆ. ನಡೆದದ್ದು ಅಷ್ಟೇ ಅಲ್ವಾ ಮಾರಾಯ್ತಿ.”

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದಾಗಲೂ ಅಳದವಳು ಆಗ ಅತ್ತಳು. ಕೀ ಅವಳ ಕೈಯಲ್ಲೇ ಇತ್ತು. ನಾನು ಮತ್ತೆ ಕೇಳಲಿಲ್ಲ. ಅವಳು ಕನಸಿನಲ್ಲಿ ಆ ಫೋನನ್ನು ಪೂರ್ತಿ ಕೇಳಿಸಿಕೊಳ್ಳುವವರೆಗೆ ಕಾಯಬಹುದು, ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ.