ಬದುವಿನ ಮೇಲೆ ನಿಂತ ಫೌಜಿ ಕಾಕಾ

ಹೋದ ವಾರ ಬೀದರ ಬಸ್ ಸ್ಟ್ಯಾಂಡಿನಲ್ಲಿ ಔರಾದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಬೂಟಿಗೆ ಪಾಲಿಶ್ ಹಾಕಿಸುತ್ತಿದ್ದರು. ಆ ಕರಿ ಪಾಲಿಶಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಫೌಜಿ ಕಾಕಾ ನೆನಪಾದರು. ಸೈನ್ಯದಿಂದ ರಿಟೈರಾಗಿ ಬಂದ ಮೇಲೂ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಬೂಟು ತಿಕ್ಕುತ್ತಿದ್ದರು...

ನಮ್ಮದು ಭಾಲ್ಕಿ ತಾಲ್ಲೂಕಿನ ಹಳ್ಳಿ. ಸ್ಮಶಾನ ಹಳ್ಳದ ಆಚೆ. ಕಾಲು ನೆನೆಯದಂತೆ ಹೋಗಬೇಕೆಂದರೆ ದೊಡ್ಡ ಮನೆಯವರ ಹೊಲ ದಾಟಿ, ಅದರ ತುದಿಯ ಸಣ್ಣ ಸೇತುವೆ ಹಿಡಿಯಬೇಕು. ಎಪ್ಪತ್ತೊಂದರ ಯುದ್ಧದಲ್ಲಿ ಕಾಕಾ ಗಡಿಯಲ್ಲಿದ್ದಾಗ ಅವರ ಅವ್ವ ತೀರಿಕೊಂಡಳು. ನಮ್ಮ ಕೇರಿಯವರು ಹೆಣ ಹೊತ್ತು ಬಂದರೆ ದೊಡ್ಡ ಮನೆಯ ಯಜಮಾನ ಬದುವಿನ ಮೇಲೆ ಅಡ್ಡ ನಿಂತ.

"ತೊಗರಿ ಹಾಳಾಗ್ತದ. ಹಳ್ಳದಾಗಿಂದ ಒಯ್ರಿ."

ಬೇರೆ ಕೇರಿಯ ಹೆಣಗಳು ಹೋದಾಗ ಆ ತೊಗರಿಗೆ ಏನೂ ಆಗುತ್ತಿರಲಿಲ್ಲ. ಕೆಸರಿನಲ್ಲಿ ಕಾಲು ಜಾರಿ ಮುದುಕಿಯ ಹೆಣ ನೀರಿಗೆ ಬಿತ್ತು. ಹೊತ್ತವರಲ್ಲಿ ನನ್ನಪ್ಪನೂ ಒಬ್ಬ. ಸಾಯುವ ತನಕ ಆ ಮಾತು ತೆಗೆದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ರಜೆಯ ಮೇಲೆ ಬಂದ ಕಾಕಾ ಕೂಗಾಡಲಿಲ್ಲವಂತೆ. "ವೈರಿ ಸಿಪಾಯಿಗೂ ಕುಣಿ ತೋಡಿ ಮಣ್ಣು ಕೊಟ್ಟೇವಿ. ನಮ್ಮವ್ವಗ ಇವ್ರು ಹಾದಿ ಕೊಡಲಿಲ್ಲ" ಎಂದಷ್ಟೇ ಹೇಳಿದರಂತೆ. ಸೈನ್ಯ ಬಿಟ್ಟ ಮೇಲೆ ಭಾಲ್ಕಿಯ ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ಕಾವಲು ನಿಂತರು. ಯಜಮಾನ ಚುನಾವಣೆಯ ಹುಚ್ಚಿಗೆ ಆ ಹೊಲವನ್ನು ಪೇಟೆಯ ವ್ಯಾಪಾರಿಗೆ ಮಾರಿದ. ವ್ಯಾಪಾರಿಯಿಂದ ಕಾಕಾ ಕೊಂಡರು. ಆಮೇಲೆ ಕಾದರು.

ಟಿವಿಯಲ್ಲಿ ಕಾರ್ಗಿಲ್ ಸುದ್ದಿ ಬರುತ್ತಿದ್ದ ಮಳೆಗಾಲದಲ್ಲಿ ಯಜಮಾನ ಸತ್ತ. ಕಾಕಾ ಸಮವಸ್ತ್ರ ತೊಟ್ಟು, ಪದಕ ಚುಚ್ಚಿಕೊಂಡು ಬದುವಿನ ಮೇಲೆ ನಿಂತರು. ಪಕ್ಕದಲ್ಲಿ ನಾನೂ ಇದ್ದೆ. ಯಜಮಾನನ ಮಗ ಮುಂದೆ ಬಂದು ಕೈಮುಗಿದ.

"ಕಾಕಾ, ದೊಡ್ಡ ಮನಸ್ಸು ಮಾಡ್ರಿ. ಹಾದಿ ಬಿಡ್ರಿ."

ಹಿಂದಿನ ದಿನದ ತನಕ 'ಏ ಫೌಜಿ' ಎನ್ನುತ್ತಿದ್ದ ಬಾಯಿ ಅದು.

"ಉದ್ದು ಹಾಳಾಗ್ತದ. ಹಳ್ಳದಾಗಿಂದ ಒಯ್ರಿ" ಎಂದರು ಕಾಕಾ.

ಸೊಂಟದುದ್ದ ನೀರಿನಲ್ಲಿ ಹೆಣ ಹೊತ್ತವರು ತಡವರಿಸುವುದನ್ನು ಕಣ್ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು. ಕ್ಷಮೆಯ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾಕಾ ಮಾತ್ರ ನಗಲಿಲ್ಲ. ಅವರೆಲ್ಲ ಕಣ್ಮರೆಯಾದ ಮೇಲೂ ಹಳ್ಳವನ್ನೇ ನೋಡುತ್ತಿದ್ದರು...

ಈ ಬೇಸಿಗೆಯಲ್ಲಿ ಕಾಕಾ ಹೋದರು. ಅವರದೇ ಹೊಲದೊಳಗಿಂದ ಒಯ್ದೆವು. ದೊಡ್ಡ ಮನೆಯ ಮಗ, ಈಗ ಅವನೂ ಮುದುಕ, ಹೆಗಲು ಕೊಡಲು ಬಂದ. "ನೀವು ಬ್ಯಾಡ್ರಿ" ಎಂದು ಕೈ ಸರಿಸಿದೆ. ಹಂಗ ಮಾಡಬಾರದಿತ್ತು ಎಂದು ಊರಿನವರು ಇವತ್ತಿಗೂ ಅನ್ನುತ್ತಾರೆ. ಇರಬಹುದು. ಸರಿಯೋ ತಪ್ಪೋ ಎಂದು ನಾನು ಕೇಳಬೇಕಾದವರು ನನ್ನ ಹೆಗಲ ಮೇಲಿದ್ದರು.