ತಿರುಗಿ ನೋಡದ ಅವ್ವ

ಎತ್ತರ ಅಂದರೆ ನನಗೆ ಭಯವಿಲ್ಲ ಎಂದು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಎದೆಯುಬ್ಬಿಸಿ ಸುಳ್ಳು ಹೇಳಿ ಕೆಲಸ ಗಿಟ್ಟಿಸಿದ್ದೆ. ಆಗ ಅಲ್ಲಿ ಎಲ್ಲಿ ನೋಡಿದರೂ ಹೊಸ ಶೆಡ್ಡುಗಳು ಏಳುತ್ತಿದ್ದವು. ಸೋಮವಾರ ಚಾವಣಿ ಹತ್ತಿ ಶೀಟು ಬದಲಿಸಬೇಕು, ಹತ್ತದವನು ಮನೆಗೆ ಹೋಗಬಹುದು ಎಂದರು. ನಾನೋ ಅಟ್ಟದಿಂದ ಈರುಳ್ಳಿ ಇಳಿಸುವುದಕ್ಕೂ ತಂಗಿಯನ್ನು ಹತ್ತಿಸುತ್ತಿದ್ದ ಗಂಡಸು.

ಇದ್ಯಾವುದೂ ತಿಳಿಯದ ಅವ್ವ, ಮಗನಿಗೆ ಕೆಲಸ ಸಿಕ್ಕರೆ ಬೆಟ್ಟದ ದೇವರಿಗೆ ಅವನ ಕೈಯಲ್ಲೇ ದೀಪ ಹಚ್ಚಿಸುತ್ತೇನೆಂದು ಹರಕೆ ಹೊತ್ತಿದ್ದಳು. ಭಾನುವಾರ ಬೆಳಗ್ಗೆಯೇ ಎಬ್ಬಿಸಿ ಹೊರಡಿಸಿದಳು. ನಮ್ಮ ಕಡೆ ಒಂದು ಕಟ್ಟುಪಾಡಿದೆ: ಹರಕೆ ಹೊತ್ತವರು ಬೆಟ್ಟಕ್ಕೆ ಕಾಲಿಟ್ಟ ಮೇಲೆ ದೀಪ ಹಚ್ಚುವ ತನಕ ತಿರುಗಿ ನೋಡಬಾರದು.

ಅರ್ಧ ಬೆಟ್ಟ ಸಲೀಸಾಗಿ ಹತ್ತಿದೆ. ಆಮೇಲೆ ಶುರುವಾಯಿತು ಎತ್ತಿನ ಬೆನ್ನಿನಂಥ ಬಂಡೆ. ನಡೆಯಲು ಎರಡು ಪಾದದ ಜಾಗ, ಆಚೆ ಬದಿ ಮುಳ್ಳುಕಂಟಿಯ ಇಳಿಜಾರು, ಈಚೆ ಬದಿ ಸೀದಾ ಕೆರೆ. ಕೆರೆಯಲ್ಲಿ ಮೀಯುತ್ತಿದ್ದ ಎಮ್ಮೆ ಕಟ್ಟಿರುವೆಯಷ್ಟು ಕಂಡಿತು. ನಾನು ಅಲ್ಲೇ ಕೂತೆ. ಕೂತಿದ್ದೂ ಸಾಲದೆ ಬಂಡೆಯನ್ನು ತಬ್ಬಿಕೊಂಡೆ.

ಅವ್ವ ಮುಂದೆ ನಡೆದೇ ನಡೆದಳು. ಹಿಂದೆ ನಾನಿದ್ದೇನೆ ಎಂದುಕೊಂಡು ಒಬ್ಬಳೇ ಮಾತಾಡುತ್ತಿದ್ದಳು. ರಾಗಿ ಹೊಲ, ತಂಗಿಯ ಮದುವೆ, ನನ್ನ ಸೋಮಾರಿತನ, ಎಲ್ಲ ಮುಗಿದ ಮೇಲೂ ನಾನು "ಹೂಂ" ಎನ್ನದಿದ್ದಾಗ ನಿಂತಳು. ತಿರುಗಲಿಲ್ಲ.

"ಎಲ್ಲಿದ್ದೀಯ್ಲಾ?"

"ಇಲ್ಲೇ ಕಣವ್ವ. ಕೂತಿವ್ನಿ."

"ಯಾಕ್ಲಾ?"

"ಭಯ ಆಯ್ತದೆ! ಫ್ಯಾಕ್ಟ್ರೀಲಿ ಸುಳ್ಳೇಳಿ ಕೆಲ್ಸ ತಕ್ಕಂಡಿವ್ನಿ. ನನ್ ಕೈಲಾಗಕಿಲ್ಲ!"

ಅವಳ ಬೆನ್ನು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು, ಮುಖ ದೇವರ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

"ಏನವ್ವ ಮಾಡ್ತಿದ್ದೀಯ!"

"ನಿನ್ನ ಕರ್ಕಂಡೋಗಾಕೆ ಬತ್ತಿವ್ನಿ. ತಿರುಗಿ ನೋಡ್ಬಾರ್ದು ಅಂತ ಐತೆ. ಇಂದಕ್ಕೆ ನಡೀಬಾರ್ದು ಅಂತ ಯಾರ್ಲಾ ಯೋಳವ್ರೆ?"

ಅವಳ ಹಿಮ್ಮಡಿ ಗಾಳಿಯಲ್ಲಿ ಬಂಡೆ ಹುಡುಕಿತು. ಸಿಕ್ಕಿತು. ಇನ್ನೊಂದು ಹೆಜ್ಜೆ ಕೆರೆಯ ಕಡೆಗೆ ಒಸಿ ವಾಲಿತು. "ನಿಂತ್ಕೊಳ್ಳವ್ವಾ!" ಎಂದು ಕಿರುಚಿ ಎದ್ದೆ. ಹೇಗೆ ಓಡಿದೆನೋ ಆ ದೇವರಿಗೇ ಗೊತ್ತು. ಹೋಗಿ ಅವಳ ಸೊಂಟ ಹಿಡಿದುಕೊಂಡೆ.

"ಬಂದ್ಯಾ? ನಡಿ," ಎಂದಳು.

ನಾನು ದೀಪ ಹಚ್ಚಿದ ಮೇಲೆ ಅವ್ವ ಮೊದಲ ಸಲ ನನ್ನತ್ತ ತಿರುಗಿದಳು. ಬಂಡೆಗೆ ಉಜ್ಜಿ ಪ್ಯಾಂಟಿನ ಮಂಡಿ ಎರಡೂ ಹರಿದಿದ್ದವು. ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಸಿಟ್ಟೂ ಬಂತು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು. ಇಳಿಯುವಾಗ ಉದ್ದಕ್ಕೂ ಅವಳ ಸೆರಗು ಹಿಡಿದಿದ್ದೆ, ಇಪ್ಪತ್ತೆರಡರ ಕೋಣ.

ಸೋಮವಾರ ಏಣಿಯ ನಡುವೆ ಕಾಲು ನಿಂತುಬಿಟ್ಟಿತು. "ಆಗ್ದಿದ್ರೆ ಇಳಿಯಪ್ಪ," ಎಂದು ಕೆಳಗಿನಿಂದ ಸೂಪರ್‌ವೈಸರ್ ಕೂಗಿದ. ಕಣ್ಣು ಮುಚ್ಚಿದೆ. ಚಾವಣಿಯ ಅಂಚಿನಲ್ಲಿ ನನಗೆ ಬೆನ್ನು ಮಾಡಿ ನಿಂತ ಅವ್ವ, ಹಿಮ್ಮಡಿಯಿಂದ ಏಣಿಯ ಮೆಟ್ಟಿಲು ಹುಡುಕುತ್ತಿದ್ದಳು.

ಅವಳು ಎರಡನೇ ಹೆಜ್ಜೆ ಇಡುವುದರೊಳಗೆ ನಾನು ಮೇಲಿದ್ದೆ.